ರೈಜೆನ್ 7 5700ಎಕ್ಸ್‌ಗೆ 2,500 ರೂಪಾಯಿ ಒಳಗೆ ಯಾವ ಏರ್ ಕೂಲರ್? ರೂಮಿನ ಬಿಸಿ 40 ಡಿಗ್ರಿ

ಬಿಸಿಲೂರು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ್ರಿ. ಈಗ ಕಂಪ್ಯೂಟರಿನಾಗ ರೈಜೆನ್ 5 2600 ಪ್ರೊಸೆಸರ್ ಅದ, ಅದರ ಜೋಡಿ ಬಂದಿದ್ದ ರೇತ್ ಸ್ಟೆಲ್ತ್ ಕೂಲರ್ ಅದ. ಅದನ್ನ ತೆಗೆದು ರೈಜೆನ್ 7 5700ಎಕ್ಸ್ ಹಾಕಬೇಕಂತ ಅದ. ಇದರ ಬಾಕ್ಸಿನಾಗ ಕೂಲರ್ ಬರಂಗಿಲ್ಲ.

ಮದರ್‌ಬೋರ್ಡ್ ಬಿ450ಎಂ, ನಾಲ್ಕು ರ‍್ಯಾಮ್ ಸ್ಲಾಟಿಂದು. ರ‍್ಯಾಮ್ ಕೋರ್ಸೇರ್ ವೆಂಜೆನ್ಸ್ ಆರ್‌ಜಿಬಿ ಪ್ರೊ, ಎರಡು ಸ್ಟಿಕ್. ಕ್ಯಾಬಿನೆಟ್ ಸಣ್ಣದು, ಕೂಲರ್ ಎತ್ತರ 155 ಮಿಲಿಮೀಟರ್ ತನಕ ಅಂತ ಅದರ ಪೇಜಿನಾಗ ಬರೆದಾರ. ಮುಂದ ಗಾಜಿನ ಪ್ಯಾನೆಲ್, ಹಿಂದ ಒಂದು 120 ಎಂಎಂ ಫ್ಯಾನ್. ಕೆಲಸ ಬ್ಲೆಂಡರ್ (3ಡಿ ಸಾಫ್ಟ್‌ವೇರ್) ರೆಂಡರ್, ಒಮ್ಮೆ ಹಾಕಿದ್ರ ಎರಡು ಮೂರು ತಾಸು ಓಡ್ತದ. ಊರು ಕಲಬುರಗಿ. ಏಪ್ರಿಲ್, ಮೇ ಒಳಗ ಮಧ್ಯಾಹ್ನ ರೂಮಿನಾಗೇ 38–40 ಡಿಗ್ರಿ ಇರ್ತದ, ಎಸಿ ಇಲ್ಲ.

ಹಳೇ ಸ್ಟೆಲ್ತ್ ಕೂಲರೇ ಕೂಡಿಸಿದ್ರ ನಡೀತದೇನು? ಬಾಕ್ಸ್ ಮ್ಯಾಲ 180 ವ್ಯಾಟ್, 220 ವ್ಯಾಟ್ ಅಂತ ಬರೆದಿರ್ತಾರಲ್ಲ, ಅದನ್ನ ನೋಡಿ ತಗೋಬೇಕೋ? ಅಂಗಡ್ಯಾಗ 120 ಎಂಎಂ ಲಿಕ್ವಿಡ್ ಕೂಲರ್ ತಗೋರಿ ಅಂತಾರ. ಬಜೆಟ್ 2,500. ತಿಳಿದವರು ಹೇಳ್ರಿ.

ತಿರುಪುಳಿ

ಮೊದಲು ಬಿಸಿ ಎಷ್ಟು ಅಂತ ಲೆಕ್ಕ ಹಾಕೋಣ. 5700ಎಕ್ಸ್ ಮೇಲೆ ಟಿಡಿಪಿ (ಕಂಪನಿ ಹೇಳೋ ಬಿಸಿಯ ಅಂದಾಜು) 65 ವ್ಯಾಟ್ ಅಂತ ಇದ್ದರೂ ಸಾಕೆಟ್‌ನಿಂದ ಅದು ಎಳೆಯೋದು ಗರಿಷ್ಠ 76 ವ್ಯಾಟ್. ಬಯೋಸ್‌ನಲ್ಲಿ (ಬೋರ್ಡಿನ ಮೂಲ ಸೆಟ್ಟಿಂಗ್ ಮೆನು) ಪಿಪಿಟಿ ಅನ್ನೋದು ಇದನ್ನೇ. ಪಿಬಿಒ (ಈ ಪವರ್ ಮಿತಿ ಏರಿಸೋ ಸೆಟ್ಟಿಂಗ್) ಆನ್ ಮಾಡದೆ ಬಿಟ್ಟರೆ ಇಡೀ ದಿನ ರೆಂಡರ್ ಓಡಿಸಿದರೂ 76 ದಾಟಲ್ಲ. ಹೆಸರು ಹತ್ತಿರ ಇದ್ದರೂ 5800ಎಕ್ಸ್ ಬೇರೆ ಜಾತಿ, ಅದರದು 142 ವ್ಯಾಟ್. ಅದಕ್ಕೆ ಹೇಳಿದ ಸಲಹೆಗಳನ್ನ ಓದಿ ದೊಡ್ಡ ಕೂಲರ್ ತಗೊಂಡು ದುಡ್ಡು ಹಾಕಬೇಡಿ.

ಇನ್ನು ನಿಮ್ಮ ಊರಿನ ಬಿಸಿಲು. ಯಾವ ಕೂಲರ್ ಆದರೂ ರೂಮಿನ ಗಾಳಿಗಿಂತ ತಣ್ಣಗೆ ಮಾಡೋಕಾಗಲ್ಲ. ರೂಮಿಗಿಂತ ಎಷ್ಟು ಡಿಗ್ರಿ ಮೇಲೆ ತಡೆದು ನಿಲ್ಲಿಸುತ್ತೆ ಅನ್ನೋದಷ್ಟೇ ಅದರ ಕೈಲಿರೋದು. ರಿವ್ಯೂ ನೋಡುವಾಗ ರೂಮಿನ ಡಿಗ್ರಿ ಎಷ್ಟಿತ್ತು ಅಂತ ಹುಡುಕಿ, ಅದನ್ನ ಕಳೆದು ನೋಡಿ. ಉದಾಹರಣೆಗೆ 25 ಡಿಗ್ರಿ ರೂಮಲ್ಲಿ 68 ತೋರಿಸಿದರೆ ಅದು 43 ಡಿಗ್ರಿ ಮೇಲೆ. ಅದೇ ಕೂಲರ್, ಅದೇ ಪ್ರೊಸೆಸರ್, ಅದೇ ಕೆಲಸ ನಿಮ್ಮ 40 ಡಿಗ್ರಿ ರೂಮಲ್ಲಿ ಸುಮಾರು 83ಕ್ಕೆ ಬಂದು ನಿಲ್ಲುತ್ತೆ. 5700ಎಕ್ಸ್‌ನ ಮಿತಿ 90. ಅಂದರೆ ನಿಮಗೆ ಉಳಿಯೋದು ಏಳೇ ಡಿಗ್ರಿ. 90 ಮುಟ್ಟಿದರೆ ಸುಟ್ಟು ಹೋಗಲ್ಲ, ತಾನೇ ಸ್ಪೀಡ್ ಇಳಿಸಿಕೊಳ್ಳುತ್ತೆ. ಆದರೆ ಎರಡು ತಾಸಿನ ರೆಂಡರ್ ಅಷ್ಟರಮಟ್ಟಿಗೆ ಉದ್ದ ಆಗುತ್ತೆ.

ಈ ಲೆಕ್ಕದಲ್ಲಿ ಸ್ಟೆಲ್ತ್ ನಿಮಗೆ ಬೇಡ. ಅದು 54 ಎಂಎಂ ಎತ್ತರದ ಬರೀ ಅಲ್ಯುಮಿನಿಯಂ ತುಂಡು, ಒಳಗೆ ತಾಮ್ರವೂ ಇಲ್ಲ, ಬಿಸಿ ಸಾಗಿಸೋ ಹೀಟ್ ಪೈಪೂ ಇಲ್ಲ. ಚಳಿಗಾಲದಲ್ಲಿ ಹೇಗೋ ತಳ್ಳಬಹುದು, ಮೇ ತಿಂಗಳಲ್ಲಿ ರೆಂಡರ್ ಹಾಕಿದರೆ ಫ್ಯಾನ್ ಪೂರ್ತಿ ಕಿರುಚಿಕೊಂಡು 90ರಲ್ಲೇ ಕೂತಿರುತ್ತೆ.

ಬಾಕ್ಸ್ ಮೇಲಿನ 180, 220 ವ್ಯಾಟ್ ನೋಡಿ ಎರಡು ಕಂಪನಿಗಳನ್ನ ಹೋಲಿಸಬೇಡಿ. ಎಲ್ಲರಿಗೂ ಒಂದೇ ಅಳತೆ ಅಂತ ಇಲ್ಲ, ಒಬ್ಬೊಬ್ಬರು ಒಂದೊಂದು ರೀತಿ ಅಳೆದು ಬರೀತಾರೆ. ಇನ್ನೊಂದು ವಿಷಯ: ನಿಮ್ಮ ಪ್ರೊಸೆಸರ್‌ನ ಎಂಟೂ ಕೋರ್ ಇರೋದು ಸುಮಾರು 80 ಚದರ ಮಿಲಿಮೀಟರ್‌ನ ಒಂದೇ ಚಿಪ್ಪಿನಲ್ಲಿ, ಅಂದರೆ ಕಿರುಬೆರಳ ಉಗುರಿನಷ್ಟು ಜಾಗ. ಬಿಸಿಯೆಲ್ಲ ಅಲ್ಲಿಂದಲೇ ಮೇಲಿನ ಲೋಹದ ಮುಚ್ಚಳಕ್ಕೆ ಏರಬೇಕು. ಇಕ್ಕಟ್ಟು ಅಲ್ಲೇ ಇರೋದರಿಂದ ಮೇಲೆ ಆರು ಪೈಪ್, ಎರಡು ಗೋಪುರ (ಲೋಹದ ರೆಕ್ಕೆಗಳ ಎತ್ತರದ ಕಟ್ಟು) ಕೂರಿಸಿದರೂ 76 ವ್ಯಾಟಿಗೆ ಸಿಗೋ ಲಾಭ ಎರಡು ಮೂರು ಡಿಗ್ರಿ.

ಹಾಗಾಗಿ ನನ್ನ ಪ್ರಕಾರ ನಿಮಗೆ ನಾಲ್ಕು ಹೀಟ್ ಪೈಪ್, ಒಂದು 120 ಎಂಎಂ ಫ್ಯಾನ್ ಇರೋ ಒಂಟಿ ಗೋಪುರದ ಕೂಲರ್ ಸಾಕು. ಡೀಪ್‌ಕೂಲ್ ಎಜಿ400 (150 ಎಂಎಂ) ಅಥವಾ ಥರ್ಮಲ್‌ರೈಟ್ ಅಸಾಸಿನ್ ಎಕ್ಸ್ 120 ಎಸ್‌ಇ (148 ಎಂಎಂ). ಎರಡೂ ಎರಡು ಸಾವಿರದ ಆಸುಪಾಸಿನಲ್ಲಿ ಸಿಗ್ತವೆ, ಯಾವುದು ಆ ದಿನ ಅಗ್ಗವೋ ಅದನ್ನ ತಗೊಳ್ಳಿ. ಡೀಪ್‌ಕೂಲ್ ಎಕೆ400 ಕೂಡ ಒಳ್ಳೇದೇ, ಆದರೆ ಅದರ ಎತ್ತರ 155 ಎಂಎಂ, ನಿಮ್ಮ ಕ್ಯಾಬಿನೆಟ್ ಮಿತಿಯೂ 155. ಪೇಜಿನಲ್ಲಿ ಬರೆದ ಅಳತೆಯಲ್ಲಿ ಒಂದೆರಡು ಎಂಎಂ ಆಚೀಚೆ ಇದ್ದರೆ ಪಕ್ಕದ ಬಾಗಿಲು ಕೂಲರಿನ ತಲೆಗೆ ತಾಗಿ ಮುಚ್ಚಲ್ಲ. ಹೈಪರ್ 212 ಬ್ಲ್ಯಾಕ್ ಎಡಿಷನ್ ಸುಮಾರು 159 ಎಂಎಂ, ಅದು ನಿಮಗಂತೂ ಆಗಲ್ಲ.

120 ಎಂಎಂ ಲಿಕ್ವಿಡ್ ಬಗ್ಗೆ: ಖಂಡಿತ ಬೇಡ. ಅದರ ರೇಡಿಯೇಟರ್ ಒಂದು ಫ್ಯಾನಿನಷ್ಟೇ ಅಗಲ, ಬಿಸಿ ಕಳೆಯೋಕೆ ಈ ಗೋಪುರಗಳಿಗಿಂತ ಹೆಚ್ಚು ಜಾಗ ಏನೂ ಸಿಗಲ್ಲ. ಬೆಲೆ ಮಾತ್ರ ಹೆಚ್ಚು. ಪಂಪ್ ನಿಂತರೆ ಪೂರ್ತಿ ಕೂಲರ್ ಎಸೀಬೇಕು. ಏರ್ ಕೂಲರ್‌ನಲ್ಲಿ ಕೆಡೋದು ಫ್ಯಾನ್ ಒಂದೇ, ಬೇರೆ 120 ಎಂಎಂ ಫ್ಯಾನ್ ತಂದು ತಂತಿ ಕ್ಲಿಪ್‌ಗೆ ಸಿಕ್ಕಿಸಿದರೆ ಮುಗೀತು.

ಗಾಳಿದಾರಿ

ತಿರುಪುಳಿಯವರು ಹೇಳಿದ ಕೂಲರ್‌ಗಳು ಸರಿ. ಆದರೆ ಬಿಸಿಲೂರು ಅವರೇ, ನೀವು ಬರೆದದ್ದರಲ್ಲಿ ನನಗೆ ಚಿಂತೆ ಆಗಿದ್ದು ಕೂಲರ್ ಅಲ್ಲ, ಮುಂದಿನ ಗಾಜಿನ ಪ್ಯಾನೆಲ್.

ಕೂಲರ್ ಬಿಸಿಯನ್ನ ಪ್ರೊಸೆಸರ್‌ನಿಂದ ಎತ್ತಿ ಕ್ಯಾಬಿನೆಟ್ ಒಳಗಿನ ಗಾಳಿಗೆ ಹಾಕುತ್ತೆ, ಅಷ್ಟೇ. ಆ ಗಾಳಿ ಆಚೆ ಹೋಗದಿದ್ದರೆ ಅದನ್ನೇ ಮತ್ತೆ ಎಳೆದುಕೊಳ್ಳುತ್ತೆ. ರೂಮು 40 ಇದ್ದರೆ ಮುಚ್ಚಿದ ಕ್ಯಾಬಿನೆಟ್ ಒಳಗೆ ಗ್ರಾಫಿಕ್ಸ್ ಕಾರ್ಡಿನ ಬಿಸಿಯೂ ಸೇರಿ 50 ಆಗೋದು ಕಷ್ಟವಲ್ಲ. ಆಗ ತಿರುಪುಳಿಯವರ ಲೆಕ್ಕದ 40 ಹೋಗಿ 50 ಆಯ್ತು, ಉಳಿದಿದ್ದ ಏಳು ಡಿಗ್ರಿ ಅಲ್ಲೇ ಕರಗಿತು.

ದುಡ್ಡು ಖರ್ಚು ಮಾಡೋ ಮುಂಚೆ ಇದನ್ನ ಈಗಿರೋ 2600 ಮೇಲೇ ನೋಡಿ. ಸಿನೆಬೆಂಚ್ ಆರ್23 (ಪ್ರೊಸೆಸರನ್ನ ಪೂರ್ತಿ ದುಡಿಸೋ ಪರೀಕ್ಷೆಯ ಸಾಫ್ಟ್‌ವೇರ್) ಹತ್ತು ನಿಮಿಷ ಓಡಿಸಿ, ಎಚ್‌ಡಬ್ಲ್ಯುಇನ್ಫೋ ಸಾಫ್ಟ್‌ವೇರ್‌ನಲ್ಲಿ ಡಿಗ್ರಿ ಬರ್ಕೊಳ್ಳಿ. ಪಕ್ಕದ ಬಾಗಿಲು ಪೂರ್ತಿ ತೆಗೆದು ಇನ್ನೊಮ್ಮೆ ಓಡಿಸಿ. ಎರಡು ಡಿಗ್ರಿ ಇಳಿದರೆ ಚಿಂತೆ ಇಲ್ಲ. ಐದಾರು ಅಥವಾ ಅದಕ್ಕಿಂತ ಹೆಚ್ಚು ಇಳಿದರೆ ರೋಗ ಇರೋದು ಗಾಳಿ ದಾರಿಯಲ್ಲಿ. ಸಿನೆಬೆಂಚ್ ಗ್ರಾಫಿಕ್ಸ್ ಕಾರ್ಡನ್ನ ಮುಟ್ಟಲ್ಲ, ನಿಮ್ಮ ರೆಂಡರ್ ಅದನ್ನೂ ದುಡಿಸೋದಾದರೆ ಇದೇ ಪರೀಕ್ಷೆಯನ್ನ ನಿಮ್ಮದೇ ಒಂದು ಬ್ಲೆಂಡರ್ ಫೈಲ್ ಹಾಕಿ ಮಾಡಿ, ಅದು ಇನ್ನೂ ಸತ್ಯ ಹೇಳುತ್ತೆ.

ನಿಮ್ಮ ಬಜೆಟ್‌ನಲ್ಲಿ ಎರಡು ಸಾವಿರ ಕೂಲರ್‌ಗೆ ಹೋದರೆ ಉಳಿದ ಐನೂರರಲ್ಲಿ ಒಂದು ಸಾದಾ 120 ಎಂಎಂ ಫ್ಯಾನ್ ತಗೊಂಡು ಮುಂದೆ ಹಾಕಿ, ಗಾಳಿ ಒಳಗೆ ಬರೋ ಹಾಗೆ. ಆರ್‌ಜಿಬಿ ಬೇಡ. ಗಾಜಿನ ಹಿಂದೆ ಬದಿಯಲ್ಲಿ ಬೆರಳಗಲ ಸಂದಿಯಾದರೂ ಇದೆಯಾ ನೋಡಿ, ಇಲ್ಲದಿದ್ದರೆ ಗಾಜಿನ ಪ್ಯಾನೆಲ್ಲನ್ನೇ ಬಿಚ್ಚಿಟ್ಟು ಒಂದು ಧೂಳು ಜಾಲರಿ ಹಾಕಿ. ಆರು ಪೈಪಿನ ಕೂಲರ್ ಕೊಡದ ಡಿಗ್ರಿಗಳನ್ನ ಇದು ಕೊಡುತ್ತೆ.

ರ‍್ಯಾಮ್: ವೆಂಜೆನ್ಸ್ ಆರ್‌ಜಿಬಿ ಪ್ರೊ 51 ಎಂಎಂ ಎತ್ತರ, ಅದೇ ಕಂಪನಿಯ ಎಲ್‌ಪಿಎಕ್ಸ್‌ಗಿಂತ ಬಹಳ ಉದ್ದ. ಎರಡು ಸ್ಟಿಕ್ ಇರೋದರಿಂದ ಪ್ರೊಸೆಸರ್ ಕಡೆಯಿಂದ ಎಣಿಸಿ 2 ಮತ್ತು 4ನೇ ಸ್ಲಾಟಿನಲ್ಲಿ ಹಾಕಿ, ಮೊದಲನೇದು ಖಾಲಿ ಇರಲಿ. ಒಂಟಿ ಗೋಪುರದ ಫ್ಯಾನ್ ಸಾಮಾನ್ಯವಾಗಿ ಆ ಖಾಲಿ ಸ್ಲಾಟಿನ ಆಸುಪಾಸಲ್ಲೇ ನಿಲ್ಲುತ್ತೆ. ಒಂದು ವೇಳೆ ತಾಗಿದರೆ ತಂತಿ ಕ್ಲಿಪ್ ಸಡಿಲಿಸಿ ಫ್ಯಾನನ್ನ ನಾಲ್ಕೈದು ಎಂಎಂ ಮೇಲೆ ಸರಿಸಬಹುದು. ನೆನಪಿಡಿ, ಫ್ಯಾನ್ ಗೋಪುರದ ತಲೆಗಿಂತ ಮೇಲೆ ಹೋದರೆ ಕ್ಯಾಬಿನೆಟ್ ಬಾಗಿಲಿಗೆ ಲೆಕ್ಕ ಆಗೋದು ಫ್ಯಾನಿನ ಎತ್ತರ.

ಇನ್ನೊಂದು ಮಾತು, ಇದನ್ನ ಬಹಳ ಜನ ಬಿಟ್ಟುಬಿಡ್ತಾರೆ. ಸ್ಟೆಲ್ತ್ ಕೂಲರ್ ಗಾಳಿಯನ್ನ ಕೆಳಕ್ಕೆ, ಬೋರ್ಡಿನ ಮೇಲೆ ಊದುತ್ತೆ. ಪ್ರೊಸೆಸರ್ ಸುತ್ತ ಇದ್ದು ಅದಕ್ಕೆ ಕರೆಂಟನ್ನ ಹದ ಮಾಡಿ ಕೊಡೋ ವಿಆರ್‌ಎಂ, ಅಂದರೆ ಚೌಕದ ಚೋಕ್‌ಗಳು, ಅವುಗಳ ಪಕ್ಕದ ಸಣ್ಣ ಕಪ್ಪು ಮಾಸ್ಫೆಟ್‌ಗಳು, ಆ ಗಾಳಿಯಲ್ಲೇ ತಣ್ಣಗಾಗ್ತಿದ್ದವು. ಗೋಪುರದ ಕೂಲರ್ ಗಾಳಿಯನ್ನ ಬೋರ್ಡಿಗೆ ಸಮಾನಾಂತರವಾಗಿ ಹಿಂದಕ್ಕೆ ತಳ್ಳುತ್ತೆ, ಬೋರ್ಡಿಗೆ ಏನೂ ಸಿಗಲ್ಲ. ಅಗ್ಗದ ಬಿ450ಎಂ ಬೋರ್ಡ್‌ಗಳಲ್ಲಿ ಮಾಸ್ಫೆಟ್ ಮೇಲೆ ಹೀಟ್‌ಸಿಂಕ್ ಕೂಡ ಇರಲ್ಲ. 76 ವ್ಯಾಟ್‌ಗೆ ನಡೆಯುತ್ತೆ. ಪಿಬಿಒ ಆನ್ ಮಾಡಿ ನೂರು ವ್ಯಾಟ್ ದಾಟಿಸಿದರೆ ಪ್ರೊಸೆಸರ್ 80 ಡಿಗ್ರಿಯಲ್ಲಿ ಆರಾಮಾಗಿ ಕಂಡರೂ ವಿಆರ್‌ಎಂ ಕುದ್ದು ಸ್ಪೀಡ್ ಬೀಳುತ್ತೆ, ಆಗ ಕೂಲರ್ ಸರಿ ಇಲ್ಲ ಅಂತ ಅದನ್ನ ಬೈತಾರೆ. ನಿಮ್ಮ ಬೋರ್ಡಿನಲ್ಲಿ ಹೀಟ್‌ಸಿಂಕ್ ಇಲ್ಲ ಅಂದರೆ ಪಿಬಿಒ ಕಡೆ ಹೋಗಲೇಬೇಡಿ, ಹಿಂದಿನ ಎಕ್ಸಾಸ್ಟ್ ಫ್ಯಾನನ್ನ ಯಾವಾಗಲೂ ಓಡೋ ಹಾಗೆ ಇಡಿ.

ಬಿಸಿಲೂರು

ಭಾಳ ಉಪಕಾರ ಆತ್ರಿ ಇಬ್ಬರಿಗೂ. ಬಾಗಿಲು ತೆಗೆದು ನೋಡಿದೆ, 9 ಡಿಗ್ರಿ ಇಳೀತು! ಮುಂದಿನ ಫ್ಯಾನ್ ತಗೋತೀನಿ, ಕೂಲರ್ ಎಜಿ400.

ಈಗ ಹಳೇ ಕೂಲರ್ ತೆಗೆಯೋದು ಹ್ಯಾಂಗ್? ಎತ್ತಿದ್ರ ಪ್ರೊಸೆಸರೇ ಕಿತ್ತು ಬರ್ತದ ಅಂತ ಕೇಳೀನಿ. ಪ್ರೊಸೆಸರ್, ಕೂಲರ್ ನಡುವಿನ ಥರ್ಮಲ್ ಪೇಸ್ಟ್ ಎಷ್ಟು ಹಾಕಬೇಕು? ಇನ್ನೊಂದು, ನಮ್ಮ ರೂಮಿನಾಗ ನೀರಿನ ಕೂಲರ್ ಅದ, ಬ್ಯಾಸಗ್ಯಾಗ ಅದೇ ಗತಿ. ಅದರ ಗಾಳಿ ಕಂಪ್ಯೂಟರ್‌ಗೆ ಬಿದ್ರ ಏನಾರ ಆಗ್ತದೇನು?

ತಿರುಪುಳಿ

ಕಿತ್ತು ಬರೋದು ನಿಜ, ನಿಮ್ಮ ಬೋರ್ಡಿನ ಎಎಂ4 ಸಾಕೆಟ್‌ನಲ್ಲಿ ಇದು ಗೊತ್ತಿರೋ ತೊಂದರೆ. ಈ ಸಾಕೆಟ್‌ನಲ್ಲಿ ಪಿನ್‌ಗಳಿರೋದು ಪ್ರೊಸೆಸರ್ ಕಡೆಗೆ, ಅದನ್ನ ಹಿಡಿದಿಡೋದು ಪಕ್ಕದ ಸಣ್ಣ ಲಿವರ್ ಮಾತ್ರ. ವರ್ಷಗಟ್ಟಲೆ ಕೂತ ಪೇಸ್ಟ್ ಒಣಗಿ ಅಂಟಿನ ಹಾಗೆ ಹಿಡಿದಿರುತ್ತೆ. ಕೂಲರ್ ನೇರ ಮೇಲಕ್ಕೆ ಎಳೆದರೆ ಲಿವರ್ ಮುಚ್ಚಿದ್ದಂಗೇ ಪ್ರೊಸೆಸರ್ ಸಾಕೆಟ್‌ನಿಂದ ಕಳಚಿ ಬರುತ್ತೆ, ಪಿನ್ ಬಾಗುತ್ತೆ.

ಮೊದಲ ಕೆಲಸ ಕೂಲರ್ ಮುಟ್ಟೋದಲ್ಲ, ಬಯೋಸ್. 5700ಎಕ್ಸ್ ಬಂದಿದ್ದು 2022ರ ಏಪ್ರಿಲ್‌ನಲ್ಲಿ, ನಿಮ್ಮ ಬೋರ್ಡ್ ಅದಕ್ಕಿಂತ ಹಳೇದು. ಬೋರ್ಡ್ ಕಂಪನಿಯ ಸೈಟಿನಲ್ಲಿ ಪ್ರೊಸೆಸರ್ ಪಟ್ಟಿ ತೆಗೆದು 5700ಎಕ್ಸ್ ಮುಂದೆ ಯಾವ ಬಯೋಸ್ ವರ್ಷನ್ ಬರೆದಿದೆ ನೋಡಿ. 2600 ಇರೋವಾಗಲೇ ಆ ವರ್ಷನ್ ಅಥವಾ ಅದರ ಮುಂದಿನದು ಹಾಕಿ. ಮೊದಲೇ ಬಿಚ್ಚಿದರೆ ಹೊಸ ಪ್ರೊಸೆಸರ್‌ನಲ್ಲಿ ಸ್ಕ್ರೀನೇ ಬರಲ್ಲ, ಎಲ್ಲ ಮತ್ತೆ ತಿರುಗಿ ಜೋಡಿಸಬೇಕು. ಕರೆಂಟ್ ಹೋಗೋ ಹೊತ್ತಲ್ಲಿ ಬಯೋಸ್ ಹಾಕಬೇಡಿ, ಯುಪಿಎಸ್ ಇದ್ದರೆ ಅದರ ಮೇಲೆ ಹಾಕಿ.

ಆಮೇಲೆ ಸಿನೆಬೆಂಚ್ ಹತ್ತು ನಿಮಿಷ ಓಡಿಸಿ ಪೇಸ್ಟ್ ಬೆಚ್ಚಗಾಗಲಿ. ಶಟ್‌ಡೌನ್ ಮಾಡಿ, ಎಸ್‌ಎಂಪಿಎಸ್ ಸ್ವಿಚ್ ಆರಿಸಿ, ವೈರ್ ಕಿತ್ತು, ಬಿಸಿ ಇರೋವಾಗಲೇ ಕೆಲಸ ಶುರು ಮಾಡಿ. ಕ್ಯಾಬಿನೆಟ್ ಮಲಗಿಸಿ. ಫ್ಯಾನ್ ವೈರ್ ತೆಗೆಯಿರಿ. ಸ್ಟೆಲ್ತ್‌ಗೆ ನಾಲ್ಕು ಸ್ಪ್ರಿಂಗ್ ಸ್ಕ್ರೂ ಇರ್ತವೆ, ಒಂದನ್ನೇ ಪೂರ್ತಿ ಬಿಚ್ಚಬೇಡಿ, ಮೂಲೆಯಿಂದ ಎದುರು ಮೂಲೆಗೆ ಎರಡೆರಡು ಸುತ್ತು ಸಡಿಲಿಸುತ್ತಾ ಬನ್ನಿ. ಎಲ್ಲ ಬಿಟ್ಟ ಮೇಲೆ ಕೂಲರನ್ನ ಎತ್ತದೆ, ಬಾಟಲಿ ಮುಚ್ಚಳ ತಿರುಗಿಸೋ ಹಾಗೆ ಎಡಕ್ಕೆ ಬಲಕ್ಕೆ ಸ್ವಲ್ಪ ಸ್ವಲ್ಪ ಹೊರಳಿಸಿ. ಅಂಟು ಬಿಟ್ಟಿದ್ದು ಕೈಗೆ ಗೊತ್ತಾಗುತ್ತೆ, ಸಲೀಸಾಗಿ ತಿರುಗುತ್ತೆ. ಆಗ ಎತ್ತಿ. ಬಿಡಲಿಲ್ಲ ಅಂದರೆ ಹೇರ್ ಡ್ರೈಯರ್‌ನಿಂದ ಕೂಲರ್ ಬುಡಕ್ಕೆ ಬಿಸಿ ಗಾಳಿ ಕೊಟ್ಟು ಮತ್ತೆ ಹೊರಳಿಸಿ. ಜೋರು ಮಾಡಬೇಡಿ.

ಬೋರ್ಡ್ ಕ್ಯಾಬಿನೆಟ್‌ನಲ್ಲೇ ಇದ್ದರೆ ಇಲ್ಲೊಂದು ಎಚ್ಚರ: ಮೇಲಿನ ಸ್ಕ್ರೂ ಬಿಚ್ಚಿದ ಮೇಲೆ ಹಿಂದಿನ ಲೋಹದ ಬ್ಯಾಕ್‌ಪ್ಲೇಟ್ ಹಿಡಿಯೋಕೆ ಏನೂ ಇರಲ್ಲ. ನಿಲ್ಲಿಸಿದ ಕ್ಯಾಬಿನೆಟ್‌ನಲ್ಲಿ ಅದು ಜಾರಿ ಬೀಳುತ್ತೆ. ಹೊಸ ಕೂಲರ್ ಕೂರೋದೂ ಅದೇ ಪ್ಲೇಟಿನ ಮೇಲೆ, ಕಳೆಯಬೇಡಿ. ಎರಡು ತುಂಡು ಟೇಪ್ ಹಾಕಿ ಹಿಂದಿನಿಂದ ಹಿಡಿಸಿ.

ಲಿವರ್ ನೇರ ಮೇಲೆತ್ತಿ ಹಳೇ ಪ್ರೊಸೆಸರ್ ತೆಗೆದು, ಹೊಸದರ ಒಂದು ಮೂಲೆಯಲ್ಲಿರೋ ಬಂಗಾರದ ತ್ರಿಕೋನವನ್ನ ಸಾಕೆಟ್‌ನ ತ್ರಿಕೋನಕ್ಕೆ ಹೊಂದಿಸಿ ಬಿಡಿ. ತನ್ನ ಭಾರಕ್ಕೇ ಇಳಿದು ಕೂರಬೇಕು, ಒತ್ತಬಾರದು. ಲಿವರ್ ಇಳಿಸಿ.

ಎಜಿ400ನ ತಳದಲ್ಲಿ ನಾಲ್ಕು ತಾಮ್ರದ ಪೈಪ್ ಬರಿಗಣ್ಣಿಗೆ ಕಾಣ್ತವೆ, ಅವೇ ನೇರ ಪ್ರೊಸೆಸರ್‌ಗೆ ತಾಗೋದು. ಪೈಪ್‌ಗಳ ನಡುವೆ ಕೂದಲೆಳೆಯಂಥ ಗೆರೆಗಳು ಇರ್ತವೆ, ಉಗುರು ಆಡಿಸಿದರೆ ಸಿಗುತ್ತೆ. ನಯವಾದ ತಳದ ಕೂಲರ್‌ಗೆ ಬಟಾಣಿಯಷ್ಟು ಪೇಸ್ಟ್ ಸಾಕು, ಇದಕ್ಕೆ ಸ್ವಲ್ಪ ಹೆಚ್ಚು ಬೇಕು, ಯಾಕಂದರೆ ಗೆರೆಗಳು ಕುಡೀತವೆ. ಪ್ರೊಸೆಸರ್ 40×40 ಎಂಎಂ ಇದೆ, ಮೇಲಿನ ಮುಚ್ಚಳ ಅದಕ್ಕಿಂತ ತುಸು ಸಣ್ಣದು. ಅದರ ಮೇಲೆ ಎರಡು ಮೂಲೆ ಸೇರೋ ಹಾಗೆ ಕತ್ತರಿ ಆಕಾರದಲ್ಲಿ ತೆಳ್ಳಗೆ ಗೆರೆ ಎಳೀರಿ, ನಾಲ್ಕು ಖಾಲಿ ಭಾಗದಲ್ಲಿ ಸಾಸಿವೆಯಷ್ಟು ಒಂದೊಂದು ಚುಕ್ಕೆ ಇಡಿ. 5700ಎಕ್ಸ್‌ನಲ್ಲಿ ಬಿಸಿ ಏಳೋ ಚಿಪ್ಪು ನಡುವೆ ಇಲ್ಲ, ಒಂದು ಬದಿಗಿದೆ. ಹಾಗಾಗಿ ನಡುವೆ ಮಾತ್ರ ಹಾಕಿ ಅಂಚು ಒಣ ಬಿಡೋದು ಇದಕ್ಕೆ ಆಗಿಬರಲ್ಲ. ಕೂಲರ್ ಜೊತೆ ಬರೋ ಪೇಸ್ಟೇ ಸಾಕು. ಬೇರೆ ತಗೊಳ್ಳೋದಾದರೆ ಆರ್ಕ್‌ಟಿಕ್ ಎಂಎಕ್ಸ್-4 ಥರದ್ದು, ಅದು ವಿದ್ಯುತ್ ಹರಿಸಲ್ಲ, ಸ್ವಲ್ಪ ಚೆಲ್ಲಿದರೂ ಗಾಬರಿ ಇಲ್ಲ. 2600 ಮಾರೋದಾದರೆ ಹಳೇ ಪೇಸ್ಟನ್ನ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿದ ಮೆತ್ತನೆ ಬಟ್ಟೆಯಿಂದ ಒರೆಸಿ, ಪಿನ್ ಕಡೆ ತಾಗಿಸಬೇಡಿ.

ತಳದ ಪ್ಲಾಸ್ಟಿಕ್ ಪೊರೆ ಕಿತ್ತಿದ್ದೀರಾ ಅಂತ ಕೂರಿಸೋ ಮುಂಚೆ ಬೆರಳಿಟ್ಟು ನೋಡಿ. ಹೊಸ ಕೂಲರ್ ಹಾಕಿದ ಮೇಲೂ ಬಯೋಸ್‌ನಲ್ಲೇ 80 ಡಿಗ್ರಿ ತೋರಿಸೋದಕ್ಕೆ ಈ ಪೊರೆಯೇ ಎಷ್ಟೋ ಸಲ ಕಾರಣ. ಸ್ಕ್ರೂಗಳನ್ನ ಇಲ್ಲೂ ಒಂದು ಬದಿ ಎರಡು ಸುತ್ತು, ಇನ್ನೊಂದು ಬದಿ ಎರಡು ಸುತ್ತು ಬಿಗಿ ಮಾಡಿ. ಒಂದು ಕಡೆ ಪೂರ್ತಿ ಬಿಗಿದುಬಿಟ್ಟರೆ ಇನ್ನೊಂದು ಕಡೆ ಎದ್ದು ನಿಲ್ಲುತ್ತೆ, ಪೇಸ್ಟ್ ಒಂದೇ ಬದಿಗೆ ಹರಿಯುತ್ತೆ. ಸ್ಕ್ರೂ ತಾನಾಗಿ ನಿಂತ ಮೇಲೆ ಮತ್ತೆ ಬಲ ಹಾಕಬೇಡಿ.

ಫ್ಯಾನ್‌ನ ಯಾವ ಬದಿಯಲ್ಲಿ ಅಡ್ಡ ಕಡ್ಡಿಗಳು, ಸ್ಟಿಕರ್ ಇದೆಯೋ ಆ ಬದಿಯಿಂದ ಗಾಳಿ ಆಚೆ ಬರುತ್ತೆ. ಅದು ಗೋಪುರದ ಕಡೆ ಇರಲಿ, ಫ್ಯಾನ್ ರ‍್ಯಾಮ್ ಬದಿಯಲ್ಲಿರಲಿ. ವೈರ್ ಸಿಪಿಯು ಫ್ಯಾನ್ ಅಂತ ಬರೆದಿರೋ ನಾಲ್ಕು ಪಿನ್‌ಗೇ ಹಾಕಿ. ಕ್ಯಾಬಿನೆಟ್ ಫ್ಯಾನಿನ ಪಿನ್‌ಗೆ ಹಾಕಿದರೆ ಆನ್ ಮಾಡಿದ ತಕ್ಷಣ ಫ್ಯಾನ್ ಎರರ್ ಅಂತ ನಿಲ್ಲುತ್ತೆ.

ಸದ್ದಿಲ್ಲ

ಜೋಡಿಸಿದ ಮೇಲೆ ಮಾಡಬೇಕಾದ್ದು ಎರಡಿದೆ, ದುಡ್ಡು ಬೇಡದ್ದು.

ಒಂದು, ಫ್ಯಾನ್ ಕರ್ವ್, ಅಂದರೆ ಎಷ್ಟು ಡಿಗ್ರಿಗೆ ಫ್ಯಾನ್ ಎಷ್ಟು ಜೋರು ಅನ್ನೋ ಸೆಟ್ಟಿಂಗ್. ಹೊಸ ರೈಜೆನ್‌ಗಳು ಬ್ರೌಸರ್ ತೆರೆದರೂ ಒಂದು ಕ್ಷಣಕ್ಕೆ ಹತ್ತು ಹದಿನೈದು ಡಿಗ್ರಿ ಹಾರಿ ಇಳೀತವೆ, ಚಿಪ್ಪು ಅಷ್ಟು ಸಣ್ಣದಾಗಿರೋದಕ್ಕೆ. ಬೋರ್ಡ್ ಜೊತೆ ಬರೋ ಸೆಟ್ಟಿಂಗ್‌ನಲ್ಲಿ ಫ್ಯಾನ್ ಪ್ರತಿ ಸಲವೂ ಬುಸ್ ಅಂತ ಏಳುತ್ತೆ. ನಿಮ್ಮ ಊರಿಗೆ 55 ಡಿಗ್ರಿ ತನಕ 40 ಪರ್ಸೆಂಟ್, 70ಕ್ಕೆ 65, 80ಕ್ಕೆ 100 ಇಡಿ. ಸ್ಟೆಪ್ ಅಪ್ ಅಥವಾ ಸ್ಮೂತಿಂಗ್ ಅನ್ನೋ ಸೆಟ್ಟಿಂಗ್ ಇದ್ದರೆ ಮೂರು ನಾಲ್ಕು ಸೆಕೆಂಡ್ ಕೊಡಿ. ಸಣ್ಣ ಏರಿಳಿತಕ್ಕೆ ಫ್ಯಾನ್ ಓಗೊಡಲ್ಲ, ರೆಂಡರ್ ಶುರುವಾದರೆ ಮಾತ್ರ ಏಳುತ್ತೆ.

ಎರಡನೇದು ಕರ್ವ್ ಆಪ್ಟಿಮೈಸರ್. ಇದಿರೋದು ಪಿಬಿಒ ಮೆನುವಿನ ಒಳಗೇ, ಗಾಳಿದಾರಿಯವರು ಪಿಬಿಒ ಬೇಡ ಅಂದಿದ್ದು ಪವರ್ ಮಿತಿ ಏರಿಸೋದಕ್ಕೆ. ಅಡ್ವಾನ್ಸ್ಡ್ ಆರಿಸಿ ಮಿತಿಗಳನ್ನ ಕೈಯಾರೆ ಬರೆಯಿರಿ: ಪಿಪಿಟಿ 76, ಟಿಡಿಸಿ 60, ಇಡಿಸಿ 90 (ಕೊನೆಯ ಎರಡು ಕರೆಂಟ್ ಮಿತಿಗಳು, ಆಂಪಿಯರ್‌ನಲ್ಲಿ). ಇವು 5700ಎಕ್ಸ್‌ನ ಮೂಲ ಸಂಖ್ಯೆಗಳೇ. ನಂತರ ಕರ್ವ್ ಆಪ್ಟಿಮೈಸರ್‌ನಲ್ಲಿ ಎಲ್ಲ ಕೋರ್‌ಗೂ ನೆಗೆಟಿವ್ 10 ಕೊಡಿ. ಅದೇ ಸ್ಪೀಡಿಗೆ ಕಡಿಮೆ ವೋಲ್ಟೇಜ್, ಹಾಗಾಗಿ ಅದೇ 76 ವ್ಯಾಟಿನಲ್ಲಿ ಸ್ವಲ್ಪ ಹೆಚ್ಚು ಸ್ಪೀಡ್ ಸಿಗುತ್ತೆ. ಡಿಗ್ರಿಯೇ ಇಳೀಬೇಕು ಅಂದರೆ ಪಿಪಿಟಿಯನ್ನ 65ಕ್ಕೆ ಇಳಿಸಿ, ರೆಂಡರ್ ಸ್ವಲ್ಪವೇ ನಿಧಾನ ಆಗುತ್ತೆ, ಬಿಸಿ ಮಾತ್ರ ಎದ್ದು ಕಾಣೋಷ್ಟು ಇಳಿಯುತ್ತೆ. ಮೇ ತಿಂಗಳಿಗೆ ಒಂದು ಪ್ರೊಫೈಲ್, ಡಿಸೆಂಬರ್‌ಗೆ ಒಂದು ಸೇವ್ ಮಾಡಿಟ್ಟುಕೊಳ್ಳಿ. ನೆಗೆಟಿವ್ 20ಕ್ಕೆ ಒಂದೇ ಸಲ ಹಾರಬೇಡಿ: ಕೆಲಸ ಮಾಡುವಾಗ ಸರಿ ಇದ್ದು, ಸುಮ್ಮನೆ ಬಿಟ್ಟಾಗ ಕಂಪ್ಯೂಟರ್ ತಾನಾಗಿ ರೀಸ್ಟಾರ್ಟ್ ಆದರೆ ಅದು ಹೆಚ್ಚಾಯ್ತು ಅಂತಲೇ ಅರ್ಥ, ಐದು ಹಿಂದಕ್ಕೆ ಬನ್ನಿ.

ಗಾಳಿದಾರಿ

ನೀರಿನ ಕೂಲರ್ ಬಗ್ಗೆ ಕೇಳಿದ್ದು ಒಳ್ಳೇದಾಯ್ತು. ಕಲಬುರಗಿಯ ಒಣ ಬಿಸಿಲಲ್ಲಿ ಅದು ರೂಮನ್ನ ಹಲವು ಡಿಗ್ರಿ ಇಳಿಸುತ್ತೆ, ರೂಮು ಇಳಿದಷ್ಟೂ ಪ್ರೊಸೆಸರ್ ಇಳಿಯುತ್ತೆ. ಹಾಗಾಗಿ ರೆಂಡರ್ ಹಾಕುವಾಗ ಅದನ್ನ ಓಡಿಸೋದು ಲಾಭವೇ. ಕ್ಯಾಬಿನೆಟ್ ಒಳಗೆ ನೀರು ಹನಿಗಟ್ಟುತ್ತೆ ಅನ್ನೋ ಭಯ ಬೇಡ, ಓಡುತ್ತಿರೋ ಕಂಪ್ಯೂಟರ್‌ನ ಯಾವ ಭಾಗವೂ ರೂಮಿನ ಗಾಳಿಗಿಂತ ತಣ್ಣಗಿರಲ್ಲ.

ಆದರೆ ಅದರ ಬಾಯಿ ನೇರ ಕ್ಯಾಬಿನೆಟ್‌ಗೆ ಇರಬಾರದು. ಪ್ಯಾಡ್ ತುಂಬ ನೆನೆದಾಗ ಗಾಳಿ ಜೊತೆ ಸಣ್ಣ ತುಂತುರು ಹಾರುತ್ತೆ. ಬೋರ್‌ವೆಲ್ ನೀರು ಹಾಕಿದರೆ ಆ ತುಂತುರಲ್ಲಿ ಉಪ್ಪಿನಂಶ ಇರುತ್ತೆ, ಒಣಗಿದ ಮೇಲೆ ಬಿಳಿ ಪುಡಿಯಾಗಿ ಬೋರ್ಡ್ ಮೇಲೆ, ರ‍್ಯಾಮ್ ಸ್ಲಾಟ್‌ನಲ್ಲಿ ಕೂರುತ್ತೆ. ಒದ್ದೆ ಗಾಳಿಗೆ ಧೂಳೂ ಬೇಗ ಹಿಡಿದು ಪ್ರೊಸೆಸರ್ ಕೂಲರ್ ರೆಕ್ಕೆಗಳ ನಡುವೆ ಕಂಬಳಿ ಥರ ಗಟ್ಟಿಯಾಗುತ್ತೆ. ನೀರಿನ ಕೂಲರ್ ಒಂದು ಗೋಡೆ ಕಡೆ, ಕಂಪ್ಯೂಟರ್ ಬೇರೆ ಮೂಲೆಯಲ್ಲಿ, ಕನಿಷ್ಠ ಎರಡು ಮೀಟರ್ ದೂರ, ಕಿಟಕಿ ಒಂದು ಸಂದಿ ತೆಗೆದಿರಿ.

ಬೇಸಿಗೆ ಶುರುವಾಗೋ ಮುಂಚೆ ಒಂದು ಸಲ, ಮಧ್ಯೆ ಒಂದು ಸಲ ಫ್ಯಾನ್ ಕ್ಲಿಪ್ ಬಿಚ್ಚಿ ರೆಕ್ಕೆಗಳ ನಡುವಿನ ಧೂಳನ್ನ ಮೆತ್ತನೆ ಪೇಂಟ್ ಬ್ರಷ್‌ನಿಂದ ತೆಗೀರಿ. ಬ್ಲೋವರ್ ಹಿಡಿಯೋದಾದರೆ ಫ್ಯಾನ್ ರೆಕ್ಕೆಯನ್ನ ಬೆರಳಲ್ಲಿ ಒತ್ತಿ ಹಿಡಿದುಕೊಳ್ಳಿ, ಇಲ್ಲದಿದ್ದರೆ ಅದು ಅಳತೆ ಮೀರಿ ತಿರುಗಿ ಬೇರಿಂಗ್ ಹಾಳಾಗುತ್ತೆ. ಗೋಪುರ ಬಿಚ್ಚೋದೇನೂ ಬೇಡ, ಅದನ್ನ ಬಿಚ್ಚಿದರೆ ಪೇಸ್ಟ್ ಹೊಸದಾಗಿ ಹಾಕಬೇಕಾಗುತ್ತೆ.